ಮುನಿಯಣ್ಣನ ಕೈಯ ಬ್ರೇಕು

ಕಾಮಾಕ್ಷಿಪಾಳ್ಯದಲ್ಲಿ ಇಂಜಿನ್ ಬಿಚ್ಚುವವರು ಬೇಕಾದಷ್ಟು ಜನ ಇದ್ದರು. ಬ್ರೇಕಿಗೆ ಮಾತ್ರ ಮುನಿಯಣ್ಣನೇ ಆಗಬೇಕು. ಅವನು ಕೈ ಇಟ್ಟ ಬ್ರೇಕನ್ನು ತುಳಿದರೆ ದೇವರನ್ನು ನೆನೆಯಬೇಕಾಗಿಲ್ಲ ಎಂದು ಮಾಗಡಿ ರಸ್ತೆಯ ಟ್ಯಾಕ್ಸಿಯವರು ಹೇಳುತ್ತಿದ್ದರು. ತಗಡಿನ ಶೆಡ್ಡು ಬಾಡಿಗೆಯದು, ಜಾಕು ತಮ್ಮನದು. ಅವನ ಸ್ವಂತದ್ದು ಅಂತ ಇದ್ದದ್ದು ಆ ಹೆಸರೊಂದೇ.

ಆ ಹೆಸರನ್ನು ಕೆಡಿಸಿದ್ದು ಒಂದು ಹಳೆಯ ಫಿಯೆಟ್ ಕಾರು. ಕಾರಿನದೇನು ತಪ್ಪು ಬಿಡಿ, ಪಾಪದ್ದು ಅದು. ಅದರ ಯಜಮಾನರು ರಾಜಾಜಿನಗರದಲ್ಲಿ ಜವಳಿ ಅಂಗಡಿ ಇಟ್ಟಿದ್ದ ಗುರುಸಿದ್ದಯ್ಯನವರು. ದಾವಣಗೆರೆ ಕಡೆಯಿಂದ ತಾಯಿ ಶಿವಗಂಗಮ್ಮನವರನ್ನು ಕರೆದುಕೊಂಡು ಬಂದು ನೆಲೆಸಿದವರು. ಸಂಜೆ ಅಂಗಡಿ ಮುಚ್ಚಿದ ಮೇಲೆ ಶೆಡ್ಡಿಗೆ ಬಂದು, ಮರದ ಪೆಟ್ಟಿಗೆಯ ಮೇಲೆ ಕೂತು ಮುನಿಯಣ್ಣನ ಜೊತೆ ಟೀ ಕುಡಿಯುತ್ತಿದ್ದರು. ಮುನಿಯಣ್ಣನ ಮಗಳ ಮದುವೆಯಲ್ಲಿ ಬಾಗಿಲಲ್ಲಿ ನಿಂತು, "ಬರ್ರಿ, ನಮ್ಮನೆ ಮದುವೆ" ಎಂದು ಬಂದವರಿಗೆಲ್ಲ ಪನ್ನೀರು ಚಿಮುಕಿಸಿದ್ದರು. ಅಂಥ ಸಾಹುಕಾರರು ತನ್ನನ್ನು ಮನೆಯವನಂತೆ ಕಾಣುತ್ತಾರಲ್ಲ ಎಂದು ಮುನಿಯಣ್ಣನ ಎದೆ ಉಬ್ಬಿತ್ತು. ಊರವರ ಗಾಡಿ ಎಷ್ಟೇ ಸಾಲುಗಟ್ಟಿ ನಿಂತಿರಲಿ, ಅವರ ಫಿಯೆಟ್ ಬಂದರೆ ಅದಕ್ಕೇ ಮೊದಲ ಕೈ.

ಎಪ್ಪತ್ನಾಲ್ಕರ ಮಳೆಗಾಲದಲ್ಲಿ ಆ ಕಾರಿನ ಬ್ರೇಕು ಹಟ ಹಿಡಿಯಿತು. ಕಾಲು ತೆಗೆದರೂ ಮುಂದಿನ ಎಡಗಡೆ ಚಕ್ರ ಬಿಡುವುದಿಲ್ಲ, ಮುಟ್ಟಿದರೆ ಕೈ ಸುಡುವಷ್ಟು ಕಾದಿರುತ್ತದೆ. ಚಕ್ರದೊಳಗಿನ ಪುಟ್ಟ ಸಿಲಿಂಡರನ್ನು ಬಿಚ್ಚಿ ನೋಡಿದರೆ, ಬ್ರೇಕ್ ಆಯಿಲ್ ತಡೆದು ಹಿಡಿಯುವ ರಬ್ಬರ್ ವಾಷರುಗಳು ನೆನೆಸಿಟ್ಟ ಕಡಲೆಯ ಹಾಗೆ ಊದಿಕೊಂಡಿದ್ದವು. ಮುನಿಯಣ್ಣ ಹೊಸದು ಹಾಕಿದ. ಮುಂದಿನ ತಿಂಗಳು ಬಲಗಡೆಯದು ಹಿಡಿಯಿತು. ಪೈಪು ಕಟ್ಟಿಕೊಂಡಿರಬಹುದೆಂದು ಪೈಪು ಬದಲಿಸಿದ. ರಬ್ಬರೇ ಕಳಪೆಯೇನೋ ಎಂದು ಬೇರೆ ಅಂಗಡಿಯಿಂದ ತಂದ. ಆಯಿಲನ್ನೆಲ್ಲ ಚೆಲ್ಲಿ ಹೊಸದಾಗಿ ತುಂಬಿದ. ಕೆಲವು ದಿನ ಸರಿಯಾಗಿ ಓಡಿ ಗಾಡಿ ಮತ್ತೆ ಅವನ ಬಾಗಿಲಿಗೇ ಬಂದು ನಿಲ್ಲುತ್ತಿತ್ತು. ಊಟ ಮಾಡುವಾಗಲೂ ಅವನ ತಲೆಯಲ್ಲಿ ಅದೇ ವಾಷರು ಸುತ್ತುತ್ತಿತ್ತು. ನನ್ನ ಕೈಯೇ ಕೆಟ್ಟಿತೇ ಎಂದು ಹೆಂಡತಿ ಗಂಗಲಕ್ಷ್ಮಮ್ಮನ ಮುಂದೆ ಹೇಳಿಕೊಂಡು ಒದ್ದಾಡಿದ.

ಕೊನೆಗೆ ಮಹಾಲಕ್ಷ್ಮಿ ಲೇಔಟಿನ ಇಳಿಜಾರಿನಲ್ಲಿ ಬ್ರೇಕು ಪೂರ್ತಿ ಕೈಕೊಟ್ಟು ಕಾರು ಲೈಟುಕಂಬಕ್ಕೆ ಗುದ್ದಿತು. ಗುರುಸಿದ್ದಯ್ಯನವರ ಹೆಂಡತಿ ಜಯದೇವಿಯವರ ಹಣೆ ಒಡೆಯಿತು. ಮರುದಿನ ಬೆಳಿಗ್ಗೆ ಗುರುಸಿದ್ದಯ್ಯನವರು ಶೆಡ್ಡಿಗೆ ಬಂದು, ಟ್ಯಾಕ್ಸಿಯವರೆಲ್ಲರ ಎದುರೇ ಬೈದರು.

"ಡೂಪ್ಲಿಕೇಟ್ ಮಾಲು ಹಾಕಿ ನನ್ನ ಮನೆಯೋರನ್ನ ಸಾಯಿಸೋಕೆ ಹೊರಟಿದ್ದೀಯಲ್ಲ ಮುನಿಯಣ್ಣ! ನಂಬಿದ್ದಕ್ಕೆ ಇದೇನಾ?"

"ಸಾಹುಕಾರ್ರೇ, ನನ್ ಮಗಳಾಣೆ, ಒರಿಜಿನಲ್ಲೇ ಹಾಕಿರೋದು" ಎಂದ ಮುನಿಯಣ್ಣ.

ಊರ ಬಾಯಿಗೆ ಬೀಗ ಹಾಕುವವರು ಯಾರು? ಟ್ಯಾಕ್ಸಿಗಳು ಒಂದೊಂದಾಗಿ ಪಕ್ಕದ ಶೆಡ್ಡಿನ ಕಡೆ ತಿರುಗಿದವು. ಆದರೂ ಮುನಿಯಣ್ಣ ಆ ಕಾರನ್ನು ತಳ್ಳಿಸಿಕೊಂಡು ಬಂದು ರಿಪೇರಿ ಮಾಡಿದ. ಅಮಾವಾಸ್ಯೆಯ ಬೆಳಿಗ್ಗೆ ತಾನೇ ಓಡಿಸಿಕೊಂಡು ಹೋಗಿ ಅವರ ಮನೆಯ ಮುಂದೆ ನಿಲ್ಲಿಸಿದ. ಅಮಾವಾಸ್ಯೆಯ ದಿನ ಬಾನೆಟ್ ಎತ್ತಿ ಇಂಜಿನ್ನಿಗೂ ವಿಭೂತಿ ಹಚ್ಚಿ ಪೂಜೆ ಮಾಡುವುದು ಆ ಮನೆಯ ರೂಢಿ. ಅದಕ್ಕೆಂದು ಬಾನೆಟ್ ಎತ್ತಿಟ್ಟು, ನಲ್ಲಿಯಲ್ಲಿ ಕೈ ತೊಳೆದು ಬರುವಷ್ಟರಲ್ಲಿ ಶಿವಗಂಗಮ್ಮ ಕಾರಿನ ಮೇಲೆ ಬಗ್ಗಿ ನಿಂತಿದ್ದರು. ಕೈಯಲ್ಲಿ ದೇವರ ದೀಪದ ಎಳ್ಳೆಣ್ಣೆಯ ಬಟ್ಟಲು. ಒಂದು ಚಮಚ ಎಣ್ಣೆಯನ್ನು ಭಕ್ತಿಯಿಂದ ಬ್ರೇಕ್ ಆಯಿಲ್ ಡಬ್ಬಿಗೆ ಹೊಯ್ದರು.

"ಅಮ್ಮಾ! ಏನ್ ಮಾಡ್ತಿದೀರಾ?"

"ಊರಾಗೆ ಬಂಡಿ ಪೂಜೆ ಮಾಡಿದ್ರೆ ಕೀಲಿಗೆ ಎಣ್ಣೆ ಬಿಡ್ತಿದ್ವಪ್ಪ. ಇದೂ ಬಂಡಿನೇ ಅಲ್ಲೇನು? ಮಳೆಗಾಲ ಸುರುವಾದಾಗಿಂದ ಪ್ರತಿ ಅಮಾಸಿಗೂ ಬಿಟ್ಟೀನಿ. ಕಂಬಕ್ಕೆ ಗುದ್ದಿದ ರಾತ್ರಿ ಡಬ್ಬಿ ಮೂಸಿ ನೋಡಿ ನನ್ನ ಮಗ ಕೇಳಿದ. ಹೌದು, ನಾನೇ ಹಾಕ್ದೆ ಅಂದೆ. ಇನ್ನು ಮ್ಯಾಲೆ ಹಾಕಬ್ಯಾಡ, ಯಾರಿಗೂ ಹೇಳಬ್ಯಾಡ ಅಂದ. ದೇವರ ಎಣ್ಣೆ, ಒಂದು ಚಮಚಕ್ಕೆ ಏನಾಗ್ತದೆ ಹೇಳು."

ಬೇರೆ ಎಣ್ಣೆ ಸೋಕಿದರೆ ಬ್ರೇಕಿನ ರಬ್ಬರು ಊದುತ್ತದೆ; ವಾಷರು ಊದಿದ್ದೇಕೆ ಎಂಬುದು ಮುನಿಯಣ್ಣನಿಗೆ ಆ ಕ್ಷಣವೇ ತಿಳಿಯಿತು. ಆದರೆ ಅವನ ಮೈ ಉರಿದದ್ದು ಎಣ್ಣೆಗಲ್ಲ. ಗುದ್ದಿದ ರಾತ್ರಿಯೇ ಗೊತ್ತಿತ್ತು! ಗೊತ್ತಿದ್ದೂ ಬೆಳಿಗ್ಗೆ ಬಂದು ಮಾನ ಕಳೆದರಲ್ಲ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಎಂದರೆ ಇದೇ.

ಗುರುಸಿದ್ದಯ್ಯನವರು ಹೊರಗೆ ಬಂದು ನೋಡಿ ಬಿಳಿಚಿಕೊಂಡರು. ಮುನಿಯಣ್ಣನನ್ನು ಗೇಟಿನ ಬಳಿ ಕರೆದುಕೊಂಡು ಹೋದರು.

"ಹೆಂಡ್ತಿ ಹಣೆ ಒಡೆದಿದ್ದು ಅತ್ತೆಯಿಂದ ಅಂತ ಗೊತ್ತಾದ್ರೆ ಈ ಮನೆ ಎರಡಾಗತ್ತೆ ಮುನಿಯಣ್ಣ. ಅವ್ವನ ಹೆಸರು ಎತ್ತಬೇಡ. ಕೈ ಮುಗೀತೀನಿ. ಸೋಮವಾರ ನಾನೇ ಶೆಡ್ಡಿಗೆ ಬಂದು ನಿನ್ನ ತಪ್ಪೇನೂ ಇಲ್ಲ ಅಂತ ಎಲ್ಲರ ಮುಂದೆ ಹೇಳ್ತೀನಿ."

ಮುನಿಯಣ್ಣನಿಗೆ ಅಳು ಬಂತು, ಸಿಟ್ಟೂ ಬಂತು. ಒಳಗೆ ಆ ಮುದುಕಿ ಏನೂ ಅರಿಯದೆ ಅವನಿಗೆಂದು ತಟ್ಟೆಯಲ್ಲಿ ಮಂಡಕ್ಕಿ ಹಾಕುತ್ತಿದ್ದರು.

"ಅಮ್ಮನ ಮುಖ ನೋಡ್ಕೊಂಡು ಮಾತು ಕೊಡ್ತಿದೀನಿ ಸಾಹುಕಾರ್ರೇ, ನಿಮ್ಮ ಮುಖ ನೋಡ್ಕೊಂಡಲ್ಲ" ಎಂದ. ಮತ್ತೆ ಆಯಿಲನ್ನೆಲ್ಲ ಹೊರಗೆ ತೆಗೆದು, ತೊಳೆದು, ಹೊಸದು ತುಂಬಿ, ಬ್ರೇಕು ಸರಿಮಾಡಿಯೇ ಮನೆಗೆ ನಡೆದ.

ಸೋಮವಾರ ಅವರು ಬರಲಿಲ್ಲ. ಮಂಗಳವಾರ ಟ್ಯಾಕ್ಸಿಯ ನಾಗರಾಜು ಬಂದ. ಇನ್ನೂ ಪಕ್ಕದ ಶೆಡ್ಡಿಗೆ ಹೋಗದೆ ಉಳಿದಿದ್ದವನು ಅವನೊಬ್ಬನೇ.

"ಅಣ್ಣ, ಹೋಟ್ಲಲ್ಲಿ ಸಾಹುಕಾರ್ರು ಹೇಳ್ತಿದ್ರು. ಬ್ರೇಕ್ ಆಯಿಲ್ ಡಬ್ಬೀಲಿ ಎಳ್ಳೆಣ್ಣೆ ಇತ್ತಂತೆ. ಡೂಪ್ಲಿಕೇಟ್ ಮಾಲಲ್ವಂತೆ, ನೀನೇ ಕಾಸು ಉಳಿಸೋಕೆ ಎಳ್ಳೆಣ್ಣೆ ಬೆರೆಸಿದ್ದಂತೆ. ಸುಳ್ಳು ತಾನೇ? ಸುಳ್ಳು ಅಂದ್ಬಿಡು, ನಾನು ಎಲ್ಲರಿಗೂ ಹೇಳ್ತೀನಿ. ಯಾರು ಹಾಕಿದ್ದು?"

ಸುಳ್ಳು ಎಂದರೆ ಯಾರು ಎಂಬುದನ್ನೂ ಹೇಳಬೇಕು. ಯಾರು ಎಂದರೆ ಶಿವಗಂಗಮ್ಮ. ತಾನು ಕೊಟ್ಟ ಮಾತನ್ನೇ ಹಗ್ಗ ಮಾಡಿ ತನ್ನನ್ನು ಕಟ್ಟಿಹಾಕಿದ್ದಾನೆ ಆ ಮನುಷ್ಯ ಎಂದು ಮುನಿಯಣ್ಣನಿಗೆ ಆಗ ಅರ್ಥವಾಯಿತು. ಮಗಳ ಮದುವೆಯ ಬಾಗಿಲಲ್ಲಿ ಅವನನ್ನು ನಿಲ್ಲಿಸಿಕೊಂಡದ್ದಕ್ಕೆ ಮೈಯೆಲ್ಲ ಅಸಹ್ಯವಾಯಿತು. ಬಾಯಿ ತೆರೆದ. ಮತ್ತೆ ಮುಚ್ಚಿಕೊಂಡು, ನಟ್ಟು ಬಿಚ್ಚುವ ಪಾನಾ ಒರೆಸತೊಡಗಿದ.

ನಾಗರಾಜು, "ಹಂಗಾದ್ರೆ ನಿಜಾನೇ" ಎಂದು ಹೇಳಿ ಟ್ಯಾಕ್ಸಿ ಹತ್ತಿದ.