ತುಂಡಿಗೊಂದು ಚಪ್ಪಾಳೆ

ಬಸವಕಲ್ಯಾಣದಿಂದ ಹುಮನಾಬಾದಿಗೆ ದಿನಾ ಬಸ್ಸಿನಲ್ಲಿ ಓಡಾಡುವ ಅತಿಥಿ ಶಿಕ್ಷಕಿ ನಾನು. ಅತಿಥಿ ಎಂದ ಮೇಲೆ ಯಾವಾಗ ಬೇಕಾದರೂ ಬೀಳ್ಕೊಡಬಹುದು. ಮುಂದಿನ ವರ್ಷ ನನ್ನನ್ನು ಇಟ್ಟುಕೊಳ್ಳುವುದೋ ಬಿಡುವುದೋ ಮುಖ್ಯೋಪಾಧ್ಯಾಯಿನಿಯ ಕೈಯಲ್ಲಿತ್ತು. ಅವರಿಗೆ ಗದ್ದಲವೆಂದರೆ ಆಗದು. ನನ್ನ ಪಾಠವೋ, ಬರೀ ಗದ್ದಲ.

ಉದ್ದನೆಯ ಇಂಗ್ಲಿಷ್ ಶಬ್ದ ಕಂಡರೆ ನನ್ನ ಹುಡುಗಿಯರು ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದರು. ಜೋಳದ ರೊಟ್ಟಿಯನ್ನು ಯಾರಾದರೂ ಇಡಿಯಾಗಿ ನುಂಗುತ್ತಾರೆಯೇ, ಮುರಿದು ತಿನ್ನಿ ಎಂದೆ. ‘ಅನ್‌ಫರ್ಗೆಟಬಲ್’ನಲ್ಲಿ ‘ಅನ್’ ತಲೆ, ‘ಏಬಲ್’ ಬಾಲ. ಎರಡನ್ನೂ ತೆಗೆದಿಟ್ಟರೆ ನಡುವೆ ಗುರುತಿನ ‘ಫರ್ಗೆಟ್’ ಕೂತಿರುತ್ತದೆ. ಆಮೇಲೆ ಇಡೀ ಶಬ್ದವನ್ನು ಬಿಡಿಬಿಡಿಯಾಗಿ ಹೇಳುವುದು, ತುಂಡಿಗೊಂದು ಚಪ್ಪಾಳೆ. ಉದ್ದ ಶಬ್ದ ಎಲ್ಲೇ ಕಿವಿಗೆ ಬೀಳಲಿ, ಬಿಡಬೇಡಿ ಎಂದೂ ಸೇರಿಸಿದೆ. ಅಲ್ಲೇ ಎಡವಟ್ಟಾಯಿತು.

ಶಾಲೆಯ ಸಮಾರಂಭಕ್ಕೆ ಒಬ್ಬ ಅಧಿಕಾರಿ ಇಂಗ್ಲಿಷ್ ಭಾಷಣ ಬರೆದುಕೊಂಡು ಬಂದರು. ‘ರೆಸ್ಪಾನ್ಸಿಬಿಲಿಟಿ’ ಎಂದದ್ದೇ ತಡ, ಮುಂದಿನ ಸಾಲಿನಿಂದ ಟಪ್ ಟಪ್ ಶುರುವಾಯಿತು. ಮೆಚ್ಚುಗೆ ಎಂದುಕೊಂಡು ಅವರು ಕೈ ಮುಗಿದರು. ‘ಎಜುಕೇಶನ್’ ಎಂದರು. ಮತ್ತೆ ಟಪ್ ಟಪ್. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಮುಖ್ಯೋಪಾಧ್ಯಾಯಿನಿ ನನ್ನತ್ತ ನೋಡಿದ ನೋಟಕ್ಕೆ ನಗು ಅಲ್ಲೇ ಇಂಗಿಹೋಯಿತು. ಕೆಲಸ ಹೋಯಿತು ಎಂದೇ ತಿಳಿದೆ.

ಅಷ್ಟರಲ್ಲಿ ಅಧಿಕಾರಿ ‘ಇಂಡಸ್ಟ್ರಿಯ...’ ಎಂದು ತಡವರಿಸಿದರು. ನೀರು ಕುಡಿದು ಬಂದರೂ ಅದೇ ಜಾಗದಲ್ಲಿ ನಿಂತರು. ಮುಂದಿನ ಸಾಲಿನಲ್ಲಿದ್ದ ನನ್ನ ವಿದ್ಯಾರ್ಥಿನಿಯೊಬ್ಬಳಿಗೆ ಕನಿಕರ ಬಂತು.

“ಸಾಹೇಬ್ರ, ಮೊದಲ ಬಾಲ ಮುಚ್ರಿ. ಆಮ್ಯಾಲ ಚಪ್ಪಾಳಿ ಹೊಡಕೋತ ಹೇಳ್ರಿ.”

ಅವರು ಪಾಪ, ಹಾಳೆಯ ಮೇಲೆ ಹೆಬ್ಬೆರಳಿಟ್ಟು ಬಾಲ ಮುಚ್ಚಿದರು. ಇಡೀ ಸಭೆ ಚಪ್ಪಾಳೆ ಹಾಕುತ್ತಾ ಅವರನ್ನು ಇನ್–ಡಸ್–ಟ್ರಿ–ಯಲ್–ಐ–ಸೇ–ಶನ್ ದಾಟಿಸಿತು. ಬೆವರು ಒರೆಸಿಕೊಂಡು ನನ್ನ ಕಡೆ ತಿರುಗಿದರು.

“ಟೀಚರ್, ಹಾಳ್ಯಾಗ ಕೆಳಗ ಇಂಥವು ಇನ್ನೂ ಅದಾವ್ರಿ. ಹುಡುಗ್ಯಾರಿಗೆ ತಯಾರ ಇರಂತ ಹೇಳ್ರಿ.”

ಅತಿಥಿಗಳು ಹೋದ ಮೇಲೆ ಮುಖ್ಯೋಪಾಧ್ಯಾಯಿನಿ ನನ್ನನ್ನು ಕೋಣೆಗೆ ಕರೆದರು. ಮುಖ ಬಿಗಿದೇ ಇತ್ತು.

“ಮುಂದಿನ ವರ್ಷ ಚಪ್ಪಾಳಿ ಬ್ಯಾಡ್ರಿ. ತುಂಡಿಗೊಂದು ಬೆರಳ ಮಡಚೂದು ಕಲಸ್ರಿ. ಅದಕ್ಕ ಸಪ್ಪಳ ಇರೂದಿಲ್ಲ.”

“ಆಗಲ್ರಿ” ಎಂದು ಹೊರಬಿದ್ದೆ. ಬಸವಕಲ್ಯಾಣದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ‘ಮುಂ–ದಿ–ನ ವರ್–ಷ’ ಎಂದು ತುಂಡಿಗೊಂದು ಚಪ್ಪಾಳೆ ಹಾಕಿದೆ. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.