ಮಸ್ತಾನಸಾಬರ ಹೂಂ

ಗೆಳೆಯರೇ, ಮಂದಿಯ ಮುಂದೆ ಕತೆ ಹೇಳುವುದನ್ನು ಈಗಷ್ಟೇ ಕಲಿಯುತ್ತಿದ್ದೇನೆ. ಇವತ್ತು ನರೋಣಾ ಊರಿನ ಕಟ್ಟೆಯಲ್ಲಿ ಪತ್ರಿಕೆಯಲ್ಲಿನ ಲಡಾಯಿಯ ಸುದ್ದಿ ಓದಿ ಮುಗಿದ ಮೇಲೆ, ಹೋದ ತಿಂಗಳು ಜೋಳದ ಹೊಲದಲ್ಲಿ ನನಗೆ ತೋಳ ಎದುರಾದ ಕತೆ ಶುರು ಮಾಡಿದೆ. ಹೂಂಗುಟ್ಟಲು ಕೂತವರು ಮಸ್ತಾನಸಾಬರು. ಅಂದು ನನ್ನ ಜೊತೆಗಿದ್ದವರೂ ಅವರೇ. ಮಾತಿಗೊಂದು ಹೂಂ ಬರುತ್ತಿತ್ತು.

"ನಾ ಒಂದ್ ಹೆಜ್ಜಿನೂ ಹಿಂದ್ ಸರೀಲಿಲ್ಲ ನೋಡ್ರಿ" ಎಂದೆ.

ಹೂಂ ನಿಂತಿತು. ಅದಿಲ್ಲದೆ ಕತೆ ಮುಂದೆ ಸಾಗುವುದು ಹೇಗೆ? ಎಲ್ಲರೂ ಅವರತ್ತ ತಿರುಗಿದರು.

"ಹೂಂ ಅನ್ರಿ ಚಾಚಾ" ಎಂದೆ.

"ನೀ ಓಡಿದ್ದು ಬರ್ಲಿ, ಆಮ್ಯಾಲ ಅಂತೇನಿ."

ವಿಧಿಯಿಲ್ಲದೆ ಕತೆಯಲ್ಲೂ ಓಡಿದೆ. ಧೋತರ ಜಾಲಿಕಂಟಿಯ ಮುಳ್ಳಿಗೆ ಸಿಕ್ಕಿ ಅಲ್ಲೇ ಉಳಿದದ್ದನ್ನೂ ಹೇಳಿದೆ. ಮಂದಿ ಹೊಟ್ಟೆ ಹಿಡಿದು ನಕ್ಕರು.

ನಾಳೆ ಮತ್ತೆ ಹೇಳಬೇಕಂತೆ. ತೋಳದ ಭಾಗ ಬೇಡವಂತೆ.