ಲಕ್ಕಿಗಿಡದ ಹಿಂದಿನ ಒರತೆ

ಬಸವಲಿಂಗಮ್ಮನಿಗೆ ಹೇಸಿಗೆ ಎನ್ನಿಸದ ವಸ್ತು ಈ ಲೋಕದಲ್ಲಿ ಏನಾದರೂ ಇತ್ತೆಂದರೆ ಅದು ಅವಳೇ ಬೆಳಗಿದ ಚೊಂಬು, ಅವಳೇ ಒಗೆದ ಸೀರೆ. ಮಿಕ್ಕಿದ್ದೆಲ್ಲ ಅವಳ ಪಾಲಿಗೆ ಎಂಜಲು. ಅವಳು ಕುಣಿಗಲ್ಲಿನ ವ್ಯಾಪಾರಿ ವೀರಭದ್ರಯ್ಯನವರ ಮಗಳು. ಮಠದ ಸ್ವಾಮಿಗಳು ಪಾದಪೂಜೆಗೆ ಬರುತ್ತಿದ್ದ ಮನೆಯದು. ಅಲ್ಲಿ ಕಲಿತ ಮಡಿಯನ್ನೆಲ್ಲ ಮೂಟೆ ಕಟ್ಟಿಕೊಂಡು ತುಮಕೂರಿಗೆ ಬಂದು, ಪೇಟೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ ಗಂಡ ಪರಮಶಿವಯ್ಯನ ಮೇಲೆ ಹೇರಿದ್ದಳು. ಬಸ್ಸಿನಲ್ಲಿ ಕೂತ ಪಂಚೆ ನೇರ ಬಚ್ಚಲಿಗೆ ಹೋಗಬೇಕು. ನೆಂಟರು ಎದ್ದು ಹೋದರೆ ಅವರು ಕೂತ ಚಾಪೆ ಬಿಸಿಲಿಗೆ ಬೀಳಬೇಕು. ಪಾಪ, ಆತ ಮನೆಯೊಳಗೆ ಸೀನುವುದಕ್ಕೂ ಹೆದರುತ್ತಿದ್ದ.

ಎಲ್ಲಕ್ಕಿಂತ ಅವಳಿಗೆ ಮೈ ಉರಿಯುತ್ತಿದ್ದದ್ದು ನೀರನ್ನು ಕಚ್ಚಿ ಕುಡಿಯುವವರನ್ನು ಕಂಡರೆ. ಚೊಂಬನ್ನು ಮೇಲೆತ್ತಿ ಬಾಯಿಗೆ ಸುರಿದುಕೊಳ್ಳದೆ, ತುಟಿ ತಾಗಿಸಿ ಗಟಗಟ ಕುಡಿಯುವವರು ಅವಳ ಲೆಕ್ಕದಲ್ಲಿ ದನಗಳಿಗಿಂತ ಕಡೆ. ಅವಳ ಓರಗಿತ್ತಿ ಉಮಾಮಹೇಶ್ವರಿ ಹಾಗೆಯೇ ಕುಡಿಯುತ್ತಿದ್ದಳು. ಬೆಳ್ಳಾವಿಯಲ್ಲಿ ಜಮೀನು ನೋಡಿಕೊಂಡಿದ್ದ ಮೈದುನ ಸಿದ್ದಗಂಗಯ್ಯನ ಹೆಂಡತಿ ಆಕೆ. ಕೈ ಒರೆಸಿಕೊಳ್ಳುವುದೂ ಸೆರಗಿನಲ್ಲಿ, ಮಗುವಿನ ಮೂಗು ಒರೆಸುವುದೂ ಅದೇ ಸೆರಗಿನಲ್ಲಿ. ಬಸವಲಿಂಗಮ್ಮ ಅವಳ ಕೈಯಿಂದ ಒಂದು ದಿನವೂ ನೀರು ಕುಡಿದವಳಲ್ಲ. ಬಿರುಬಿಸಿಲಿನಲ್ಲಿ ಬೆಳ್ಳಾವಿಗೆ ಬಂದಿಳಿದರೂ "ಬಾಯಾರ್ಕೆ ಇಲ್ಲ ಕಣೆ" ಎನ್ನುತ್ತಿದ್ದಳು. "ನಮ್ಮಕ್ಕಂಗೆ ಬಾಯಾರ್ಕೆ ಅನ್ನೋದೇ ದೇವ್ರು ಕೊಟ್ಟಿಲ್ಲ" ಎಂದು ಉಮಾಮಹೇಶ್ವರಿ ನಕ್ಕುಬಿಡುತ್ತಿದ್ದಳು. ಆ ನಗುವನ್ನು ಕಂಡರೂ ಇವಳಿಗೆ ಆಗುತ್ತಿರಲಿಲ್ಲ.

ಇಂಥ ಹೆಂಗಸನ್ನು ವರ್ಷಕ್ಕೊಮ್ಮೆ ಹೊಳೆದಂಡೆಯ ಮರಳಿನ ಮೇಲೆ ಮಲಗಿಸುತ್ತಿದ್ದದ್ದು ಆ ಮನೆತನದ ದೇವರು. ಶಿವರಾತ್ರಿ ಕಳೆದ ಮೇಲೆ ದೇವರ ಪೆಟ್ಟಿಗೆಯನ್ನು ಗಾಡಿಯಲ್ಲಿಟ್ಟುಕೊಂಡು, ಗುಬ್ಬಿಯಿಂದಾಚೆ ಶಿಂಷಾ ಹೊಳೆ ತಿರುವು ತೆಗೆದುಕೊಳ್ಳುವ ಕಡೆಗೆ ಎಲ್ಲರೂ ಹೋಗಬೇಕು. ಅಲ್ಲಿ ಬಿಡಾರ ಹೂಡಿ, ದೇವರಿಗೆ ಗಂಗೆಪೂಜೆ ಮಾಡಿ, ಅಡುಗೆ ಮಾಡಿ ಉಂಡು ಬರಬೇಕು. ಬಿಡಾರವೆಂದರೆ ಏನು? ನಾಲ್ಕು ಹೊಂಗೆ ಮರ, ಮಸಿ ಹಿಡಿದ ಒಲೆಕಲ್ಲುಗಳು, ಅಷ್ಟೆ. ಬಾವಿಯಿಲ್ಲ, ಬಚ್ಚಲಿಲ್ಲ, ಮರೆಯಿಲ್ಲ. ಅಕ್ಕಿಯಲ್ಲಿ ಮರಳು, ಹಾಸಿಗೆಯಲ್ಲಿ ಇರುವೆ, ಗಾಳಿ ಬೀಸಿದರೆ ಎಮ್ಮೆ ಬಿದ್ದೆದ್ದ ಮಡುವಿನ ನಾತ. ಗಂಡಸರು ಆ ಜಾಗವನ್ನು ಬಲು ನಿಶ್ಶಬ್ದ, ಬಲು ಹಾಯಿ ಎಂದು ಹೊಗಳುತ್ತಿದ್ದರು. ಬಸವಲಿಂಗಮ್ಮನಿಗೆ ಆ ನಿಶ್ಶಬ್ದವೇ ಅಸಹ್ಯ. ಯಾರು ಎಲ್ಲಿ ಕ್ಯಾಕರಿಸಿದರೂ, ಯಾರ ಹೊಟ್ಟೆ ಹೇಗೆ ಗುಡುಗಿದರೂ ಅಲ್ಲಿ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಆದರೂ ಅವಳು ಒಂದು ವರ್ಷವೂ ತಪ್ಪಿಸಿದವಳಲ್ಲ. ಅವಳ ಕಣ್ಣು ಅತ್ತೆಯ ತಾಮ್ರದ ಬಿಂದಿಗೆಯ ಮೇಲಿತ್ತು. ದೇವರ ಪೂಜೆಗೆ ಹರಿಯುವ ನೀರು ಆಗದು, ಅದರಲ್ಲಿ ದನಕರು ಇಳಿದಿರುತ್ತವೆ. ಹೊಳೆಯ ಮರಳಿನಲ್ಲಿ ಗುಂಡಿ ತೋಡಿ, ತಾನಾಗಿ ಜಿನುಗುವ ಒರತೆಯ ನೀರನ್ನೇ ಆ ಬಿಂದಿಗೆಯಲ್ಲಿ ತರಬೇಕು. ಹಾಗೆ ಗಂಗೆ ತರುವವಳೇ ಮನೆತನದ ದೊಡ್ಡವಳು, ಬಿಂದಿಗೆ ಇರುವುದೂ ಅವಳ ಮನೆಯಲ್ಲೇ. ಅತ್ತೆ ಗಂಗಾಂಬಿಕೆ ಹಿರಿಸೊಸೆಯ ನಾಲಿಗೆಗೆ ಹೆದರಿ ಅದನ್ನು ಬಿಟ್ಟುಕೊಡದೆ ವರ್ಷಗಳನ್ನು ತಳ್ಳಿದ್ದಳು. ಎಪ್ಪತ್ತೆಂಟನೇ ಇಸವಿಯಲ್ಲಿ ಅವಳ ಮಂಡಿ ಕೈಕೊಟ್ಟಿತು.

"ಈ ಸಲ ಗಂಗೆ ನೀನೇ ತಾರಮ್ಮ" ಎಂದಳು ಗಂಗಾಂಬಿಕೆ, ಬಿಡಾರ ಸೇರಿದ ಸಂಜೆ. "ಪೂಜೆ ಸಾಂಗವಾಗಿ ಆದ್ರೆ ಬಿಂದಿಗೆ ನಿಮ್ಮನೇಗೇ ಹೋಗ್ಲಿ. ನಂಗೂ ಸಾಕಾಯ್ತು."

ಬಸವಲಿಂಗಮ್ಮನಿಗೆ ನಿದ್ದೆ ಹತ್ತಲಿಲ್ಲ. ಬಿಡಾರದ ಮುಂದಿನ ಮರಳನ್ನು ಮಕ್ಕಳು ಆಗಲೇ ತುಳಿದು ಹಾಳು ಮಾಡಿದ್ದರು. ಕುಡಿಯುವ ನೀರಿಗೆಂದು ಉಮಾಮಹೇಶ್ವರಿ ಅಲ್ಲೇ ಒಂದು ಒರತೆ ತೋಡಿಯೂ ಇದ್ದಳು. ಆ ಕೊಳಕಿ ತೋಡಿದ ಗುಂಡಿಯ ಸುತ್ತಮುತ್ತಲಿನ ನೀರು ದೇವರಿಗೆ ಬೇಡ ಎಂದುಕೊಂಡಳು. ಎಲ್ಲರ ಕೊಳೆಯೂ ಕೆಳಕ್ಕೆ ಹರಿಯುತ್ತದೆ, ಮೇಲೆ ಹೋದಷ್ಟೂ ಮಡಿ ಎಂಬುದು ಅವಳ ಲೆಕ್ಕ. ಬೆಳಕು ಹರಿಯುವ ಮುಂಚೆಯೇ ಎದ್ದು, ಹೊಳೆಯ ಮೇಲ್ಗಡೆಗೆ ನಡೆದು, ತಿರುವು ದಾಟಿದಳು. ಅಲ್ಲಿ ಲಕ್ಕಿಗಿಡದ ದಟ್ಟ ಮರೆಯ ಹಿಂದೆ ಒಂದು ಹೆಜ್ಜೆಗುರುತೂ ಇಲ್ಲದ ಮರಳು ಕಂಡಿತು. ಮನಸ್ಸು ತಂಪಾಯಿತು. ಮೊಣಕೈಯುದ್ದ ತೋಡಿ, ಅಂಚಿಗೆ ಕಲ್ಲು ಜೋಡಿಸಿ, ಮೊಗೆಯಲು ಒಂದು ತೆಂಗಿನ ಚಿಪ್ಪನ್ನೂ ಇಟ್ಟಳು. ಒರತೆಯ ನೀರು ತಿಳಿಯಾಗಲು ಹೊತ್ತು ಬೇಕು. ಅಷ್ಟರಲ್ಲಿ ಸ್ನಾನ, ಲಿಂಗಪೂಜೆ ಮುಗಿಸೋಣವೆಂದು ಕೆಳಗೆ ಬಂದಳು.

ಆ ಬಿಡಾರದಲ್ಲಿ ಹೆಂಗಸರ ದಿಕ್ಕು ಕೆಳಗಡೆ, ಗಂಡಸರ ದಿಕ್ಕು ಮೇಲ್ಗಡೆ. ಗಂಡಸರು ಬೆಳಗ್ಗೆ ಎಲ್ಲಿಗೆ ಹೋಗುತ್ತಾರೆಂದು ಯಾವ ಹೆಂಗಸೂ ಹೋಗಿ ನೋಡಿದವಳಲ್ಲ, ಕೇಳಿದವಳಂತೂ ಅಲ್ಲವೇ ಅಲ್ಲ. ಅಂಥ ವಿಷಯವನ್ನು ಕಿವಿಗೇ ಹಾಕಿಕೊಳ್ಳದ ಬಸವಲಿಂಗಮ್ಮನಿಗೆ ಅದು ಹೇಗೆ ಗೊತ್ತಾಗಬೇಕು? ಪೂಜೆ ಮುಗಿಸಿ ಬಿಂದಿಗೆ ಹಿಡಿದು ಮತ್ತೆ ಹೋದಾಗ ಒರತೆ ತುಂಬಿತ್ತು. ಸುತ್ತಲಿನ ಮರಳೂ ಒದ್ದೆಯಾಗಿ ಕದಡಿಹೋಗಿತ್ತು. ಗಂಗೆ ಉಕ್ಕಿ ಹರಿದಿದ್ದಾಳೆಂದು ಅವಳು ಕಣ್ಣಿಗೊತ್ತಿಕೊಂಡು ಬಿಂದಿಗೆ ತುಂಬಿಕೊಂಡಳು.

ಹೊಂಗೆ ಮರದಡಿ ಪೆಟ್ಟಿಗೆ ಬಿಚ್ಚಿ ದೇವರನ್ನು ಇಟ್ಟಿದ್ದರು. ಎಲ್ಲರೂ ಎದ್ದು ದಾರಿ ಬಿಟ್ಟರು. ಬಸವಲಿಂಗಮ್ಮ ತಲೆ ಎತ್ತಿಕೊಂಡು, ಹುಟ್ಟಿದ ಮೇಲೆ ಮೊದಲ ಸಲ ಆ ಮರಳನ್ನು ಸಂತೋಷದಿಂದ ಮೆಟ್ಟಿಕೊಂಡು ಬರುತ್ತಿದ್ದಳು. ಆಗ ಸೌದೆ ಹೊರೆಯನ್ನು ದಾರಿಯಲ್ಲೇ ಎಸೆದು ಉಮಾಮಹೇಶ್ವರಿ ಏದುಸಿರು ಬಿಡುತ್ತ ಓಡಿ ಬಂದಳು. ಬಂದವಳು ಸೀರೆ ತೊಡರಿ ಮುಗ್ಗರಿಸಿ ನೇರ ಓರಗಿತ್ತಿಯ ಮೇಲೆ ಬಿದ್ದಳು. ಬಿಂದಿಗೆ ಉರುಳಿ ಒಲೆಕಲ್ಲಿಗೆ ಬಡಿದು ನೆಗ್ಗಿತು. ನೀರೆಲ್ಲ ಮರಳು ಪಾಲಾಯಿತು.

ದೇವರ ಬಿಂದಿಗೆ ಬೀಳುವುದೆಂದರೆ ಸಣ್ಣ ಅಪಶಕುನವಲ್ಲ.

"ಕಣ್ಣು ಎಲ್ಲಿಟ್ಟಿದ್ಯೇ ಕೊಳಕಿ?" ಬಸವಲಿಂಗಮ್ಮ ಚೀರಿದಳು. "ದೇವರ ಹತ್ರ ಬರೋ ಯೋಗ್ಯತೆ ಇದ್ಯಾ ನಿಂಗೆ? ಎಂಜಲು ತಿಂದು ಎಂಜಲಲ್ಲೇ ಬಿದ್ದಿರೋಳು. ನಿನ್ನ ನೆರಳು ಸೋಕಿದ್ರೂ ಹೊಟ್ಟೆ ತೊಳಸ್ತದೆ ನಂಗೆ."

"ತಪ್ಪಾಯ್ತು ಬುಡಿ ಅಕ್ಕ" ಎಂದಳು ಉಮಾಮಹೇಶ್ವರಿ, ಸೀರೆಗೆ ಹತ್ತಿದ ಮರಳು ಕೊಡವಿಕೊಳ್ಳುತ್ತ. ಗಂಡ ಸಿದ್ದಗಂಗಯ್ಯನೂ ಎಲ್ಲರ ಮುಂದೆ ಅವಳನ್ನು ಬೈದ. ಪೂಜೆಗೆ ಹೊತ್ತಾಗುತ್ತಿತ್ತು. ಗಂಗಾಂಬಿಕೆ ಕುಂಟುತ್ತ ಹೋಗಿ, ಕೈಗೆ ಸಿಕ್ಕ ಹತ್ತಿರದ ಒರತೆಯಿಂದಲೇ ನೀರು ತಂದಳು. ಅದು ಉಮಾಮಹೇಶ್ವರಿ ತೋಡಿದ್ದು.

ಮಧ್ಯಾಹ್ನ ಗಂಡಸರ ಪಂಕ್ತಿ ಕೂತಿತು. ಬಸವಲಿಂಗಮ್ಮ ಬಿಗಿದ ಮುಖದಲ್ಲೇ ತುಪ್ಪ ಬಡಿಸುತ್ತಿದ್ದಳು. ಹೋಳಿಗೆ ಮುರಿಯುತ್ತ ಪರಮಶಿವಯ್ಯ ತಮ್ಮನಿಗೆ ಹೇಳಿದ: "ಈ ಸಲ ಬಿಡಾರ ಬಲು ಅನುಕೂಲ ಆಯ್ತು ಕಣ್ಲಾ. ಆ ಲಕ್ಕಿಗಿಡದ ಹಿಂದೆ ಯಾರೋ ಪುಣ್ಯಾತ್ಮರು ವರ್ತೆ ತೋಡಿಟ್ಟವ್ರೆ, ನೋಡ್ದಾ? ಚಿಪ್ಪು ಬೇರೆ ಮಡಗವ್ರೆ. ಇಲ್ದಿದ್ರೆ ತೊಳ್ಕೊಳಕ್ಕೆ ಅಲ್ಲಿಂದ ಹೊಳೆಗಂಟ ಇಳೀಬೇಕಾಗಿತ್ತು."

"ನಾವೆಲ್ಲ ಅಲ್ಲೇ ಮುಗಿಸ್ಕೊಂಡ್ವಿ" ಎಂದ ಸಿದ್ದಗಂಗಯ್ಯ. "ಸರದಿ ನಿಂತಿದ್ವಿ."

ತುಪ್ಪದ ಗಿಂಡಿ ಅವಳ ಕೈಯಲ್ಲೇ ನಿಂತಿತು. ತೊಳೆದುಕೊಳ್ಳುವ ಗುಂಡಿ. ಆ ನೀರನ್ನು ಕಣ್ಣಿಗೊತ್ತಿಕೊಂಡಿದ್ದಳು, ದೇವರ ತಲೆಯ ಮೇಲೆ ಸುರಿಯಲು ಹೊತ್ತು ತಂದಿದ್ದಳು. ಬಿಂದಿಗೆ ಬೀಳದಿದ್ದರೆ ಎಲ್ಲರೂ ಅದನ್ನೇ ತೀರ್ಥವೆಂದು ಕುಡಿಯುತ್ತಿದ್ದರು. ಗಿಂಡಿಯನ್ನು ನೆಲಕ್ಕಿಟ್ಟು, ಮರದ ಹಿಂದಕ್ಕೆ ಓಡಿ, ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿದಳು. ಎಷ್ಟು ಕಕ್ಕಿದರೂ ಹೋಗದಂಥ ಹೇಸಿಗೆ ಅದು.

ಹಿಂದೆಯೇ ಉಮಾಮಹೇಶ್ವರಿ ಚೊಂಬು ಹಿಡಿದು ಬಂದಳು.

"ನೀನು ನೋಡಿದ್ಯಾ?" ಎಂದಳು ಬಸವಲಿಂಗಮ್ಮ, ಬೆಳಗ್ಗೆ ಅವಳು ಓಡಿ ಬಂದು ಮೇಲೆ ಬಿದ್ದದ್ದು ನೆನಪಾಗಿ.

"ಸೌದೆಗೆ ಅಂತ ಆ ಕಡೆ ಹೋಗಿದ್ದೆ ಅಕ್ಕ. ಭಾವ ಎದ್ದು ಬರ್ತಿದ್ರು, ನಮ್ಮೋರು ಕುಂತಿದ್ರು. ನಾಚ್ಕೆಯಾಗಿ ಹಿಂದಕ್ಕೆ ಬಂದ್ಬುಟ್ಟೆ. ಆಮೇಲೆ ನೋಡ್ತೀನಿ, ನೀವು ಅಲ್ಲಿಂದ್ಲೇ ಬಿಂದಿಗೆ ಹೊತ್ಕೊಂಡು ಬತ್ತಾ ಇದೀರಿ."

"ನಂಗೆ ಒಂದ್ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ?"

"ಅಷ್ಟು ಜನದ ಮುಂದೆ ಏನಂತ ಹೇಳ್ಲಿ? ಸಾಯೋಗಂಟ ಆಡ್ಕೊಂಡು ನಗೋರು ನಿಮ್ಮನ್ನ. ಬೀಳೋದು ಬೈಸ್ಕೊಳೋದು ನಂಗೇನು ಹೊಸದಾ, ಬುಡಿ."

ಅಷ್ಟರಲ್ಲಿ ಗಂಗಾಂಬಿಕೆ ಕರೆದಳು. ದೇವರನ್ನು ಪೆಟ್ಟಿಗೆಗೆ ಇಡುವ ಹೊತ್ತಾಗಿತ್ತು. ನೆಗ್ಗಿದ ಬಿಂದಿಗೆ ಅವಳ ತೊಡೆಯ ಮೇಲಿತ್ತು. "ಬಿದ್ದಿದ್ದು ನಿನ್ನ ತಪ್ಪಲ್ಲ ಕಣಮ್ಮ, ಇವ್ಳದು. ಇದನ್ನ ನೀನೇ ಇಟ್ಕೊ" ಎಂದು ಹಿರಿಸೊಸೆಯತ್ತ ಚಾಚಿದಳು.

ಬಸವಲಿಂಗಮ್ಮ ಕೈ ಚಾಚಿದ್ದರೆ ಸಾಕಿತ್ತು. ಉಮಾಮಹೇಶ್ವರಿ ಸಾಯುವವರೆಗೂ ಬಾಯಿ ಬಿಡುತ್ತಿರಲಿಲ್ಲ, ಅದು ಇವಳಿಗೂ ಗೊತ್ತಿತ್ತು. ಆದರೆ ಆ ಬಿಂದಿಗೆಯನ್ನು ಮುಟ್ಟುವ ಯೋಚನೆಗೇ ಅವಳಿಗೆ ಅಸಹ್ಯವಾಯಿತು. ಈ ಸಲದ ಅಸಹ್ಯ ಬಿಂದಿಗೆಯ ಮೇಲಲ್ಲ.

"ಅದು ಉಮಾಗೆ ಸೇರ್ಬೇಕು ಅತ್ತೆ" ಎಂದಳು. "ಲಕ್ಕಿಗಿಡದ ಹಿಂದಿನ ಒರತೆ ತೋಡಿದ್ದು ನಾನು. ಬೆಳಗ್ಗೆ ಆ ನೀರನ್ನೇ ತರ್ತಿದ್ದೆ. ಇವಳು ಬೇಕಂತ್ಲೇ ಬಿದ್ಲು."

ಗಂಡಸರು ಮುಖ ಮುಖ ನೋಡಿಕೊಂಡರು. ಪರಮಶಿವಯ್ಯನ ಮುಖ ಸಣ್ಣಗಾಯಿತು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಇಡೀ ಬಿಡಾರವೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆ ನಗು ಗುಬ್ಬಿ ದಾಟಿ, ತುಮಕೂರು ದಾಟಿ, ಕುಣಿಗಲ್ಲಿನ ತವರುಮನೆ ಮುಟ್ಟುತ್ತದೆಂದು ಅವಳಿಗೆ ತಿಳಿದಿತ್ತು. ಮುಟ್ಟಿತು ಕೂಡ. ನಗದೆ ನಿಂತವಳು ಉಮಾಮಹೇಶ್ವರಿ ಒಬ್ಬಳೇ. ಅತ್ತೆ ಕೊಟ್ಟ ಬಿಂದಿಗೆಯನ್ನು ಕಂಕುಳಿಗೆ ಇಟ್ಟುಕೊಂಡು, ಏನು ಮಾಡಬೇಕೋ ತಿಳಿಯದೆ, ಚೊಂಬಿಗೆ ತುಟಿಯಿಟ್ಟು ನಾಲ್ಕು ಗುಟುಕು ನೀರು ಕುಡಿದಳು.

"ಇಲ್ಲಿ ಕೊಡು" ಎಂದಳು ಬಸವಲಿಂಗಮ್ಮ. "ಬಾಯಾರ್ಕೆ ಆಗಿದೆ."

"ಇರಿ ಅಕ್ಕ, ತೊಳ್ದು ಕೊಡ್ತೀನಿ."

"ತೊಳೀಬೇಡ."

ಚೊಂಬಿನ ಅಂಚು ಇನ್ನೂ ಒದ್ದೆಯಾಗಿತ್ತು. ಬಸವಲಿಂಗಮ್ಮ ಅಲ್ಲಿಯೇ ತುಟಿಯಿಟ್ಟು ಕಚ್ಚಿ ಕುಡಿದಳು. ಹೇಸಿಗೆಯಾಯಿತು. ತಳದ ಮರಳು ನಾಲಿಗೆಗೆ ಸಿಗುವವರೆಗೂ ಬಿಡದೆ ಕುಡಿದಳು.